ಯುವ ಸಲಹಾ ಮಂಡಳಿ: ಸಲಹೆ ಒಪ್ಪದಿದ್ದರೂ ಉತ್ತರ ಕೊಡಲೇಬೇಕು

ಕರ್ನಾಟಕ ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳಿವೆ. ಅವುಗಳಲ್ಲಿ 7 ಪದವೀಧರ ಕ್ಷೇತ್ರಗಳಿಗೆ, 7 ಶಿಕ್ಷಕರ ಕ್ಷೇತ್ರಗಳಿಗೆ ಮೀಸಲು. ಪಾಠ ಹೇಳುವವರು ಮತ ಹಾಕಿ ತಮ್ಮ ಪ್ರತಿನಿಧಿಯನ್ನು ಕಳುಹಿಸುತ್ತಾರೆ. ಓದು ಮುಗಿಸಿದವರೂ ಕಳುಹಿಸುತ್ತಾರೆ, ಆದರೆ ಸಂವಿಧಾನದ 171ನೆಯ ವಿಧಿಯ ಪ್ರಕಾರ ಪದವಿ ಪಡೆದು ಮೂರು ವರ್ಷ ಕಳೆದ ಮೇಲೆ. ಈಗ ತರಗತಿಯಲ್ಲಿ ಕೂತಿರುವವರಿಗೆ ಮಾತ್ರ ಅಲ್ಲಿ ಜಾಗವಿಲ್ಲ. 18 ತುಂಬಿದರೆ ಮತದಾನದ ಹಕ್ಕು ಬರುತ್ತದೆ. ಶಾಸಕರಾಗಲು 25 ಆಗಬೇಕು, ಪರಿಷತ್ತಿನ ಸದಸ್ಯರಾಗಲು 30. ಅಂದರೆ ಕಾಲೇಜಿನಲ್ಲಿರುವಷ್ಟು ಕಾಲವೂ ವಿದ್ಯಾರ್ಥಿ ಇನ್ನೊಬ್ಬರ ಬಾಯಿಂದಲೇ ತನ್ನ ಮಾತು ಹೇಳಿಸಬೇಕು.

ಯುವಜನರ ಮತ್ತು ಕಾಲೇಜು ವಿದ್ಯಾರ್ಥಿಗಳ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ಒಂದು ಅಧಿಕೃತ ಮಂಡಳಿ ಇರಬೇಕು ಎಂಬ ಮಾತು ಹುಟ್ಟುವುದು ಈ ಕೊರತೆಯಿಂದ. ಹೀಗೆಂದರೆ ಹಲವರು ಮುಖ ತಿರುಗಿಸುತ್ತಾರೆ. ಇನ್ನೊಂದು ಸಮಿತಿ, ಇನ್ನೊಂದು ನಾಮಫಲಕ, ಇನ್ನೊಬ್ಬ ಅಧ್ಯಕ್ಷ ಎನ್ನುತ್ತಾರೆ. ಆ ಬೇಸರ ಸುಳ್ಳಲ್ಲ. ಹಾಗಾಗಿ ಇಂಥ ಮಂಡಳಿ ಹೇಗೆ ಹುಟ್ಟುತ್ತದೆ, ಎಲ್ಲಿ ಸೊರಗುತ್ತದೆ, ಅದಕ್ಕೆ ಜೀವ ತುಂಬುವುದು ಯಾವುದು ಎಂಬುದನ್ನು ಬಿಡಿಸಿ ನೋಡಬೇಕು.

ಒಂದು ಅರ್ಜಿಯ ಅಲೆದಾಟ

ಚಿಂತಾಮಣಿಯಿಂದ ಬಂದು ಬೆಂಗಳೂರಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿರುವ, ಹಿಂದುಳಿದ ವರ್ಗಕ್ಕೆ ಸೇರಿದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಅವಳಿಗೆ ವಿದ್ಯಾರ್ಥಿವೇತನ ಬೇಕು. ಅರ್ಜಿ ಹಾಕಬೇಕಾದದ್ದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ವಿದ್ಯಾರ್ಥಿಗಳ ಬಾಯಲ್ಲಿ ಅದು ಎಸ್‌ಎಸ್‌ಪಿ. ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಪ್ರಮಾಣಪತ್ರ ಕೊಡುವುದು ಊರಿನ ನಾಡಕಚೇರಿ, ಅಂದರೆ ಕಂದಾಯ ಇಲಾಖೆ. ಕಾಲೇಜಿನ ಪ್ರವೇಶ, ಪರೀಕ್ಷೆ, ಫಲಿತಾಂಶವೆಲ್ಲ ಯುಯುಸಿಎಂಎಸ್ ಎಂಬ ಬೇರೊಂದು ತಂತ್ರಾಂಶದಲ್ಲಿದೆ. ಅದು ಉನ್ನತ ಶಿಕ್ಷಣ ಇಲಾಖೆ ಮತ್ತು ವಿಶ್ವವಿದ್ಯಾಲಯಗಳ ಕೈಯಲ್ಲಿದೆ. ಹಣ ಮಂಜೂರು ಮಾಡುವುದು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ. ಹಣ ಬಂದು ಬೀಳುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದಿದ್ದು ಅಂಕಪಟ್ಟಿಯಲ್ಲಿ ಮುಂದಿದ್ದರೂ ಅರ್ಜಿ ನಿಂತುಬಿಡಬಹುದು.

ನಿಂತರೆ ಯಾರನ್ನು ಕೇಳಬೇಕು? ಕಾಲೇಜಿನ ಗುಮಾಸ್ತರು ತಮ್ಮ ಕಡೆಯಿಂದ ಎಲ್ಲ ದೃಢೀಕರಿಸಿದ್ದೇವೆ ಎನ್ನುತ್ತಾರೆ. ತಾಲ್ಲೂಕು ಕಚೇರಿಯವರು ಪ್ರಮಾಣಪತ್ರ ಸರಿಯಾಗಿದೆ ಎನ್ನುತ್ತಾರೆ. ಬ್ಯಾಂಕಿನವರು ಜೋಡಣೆಯಾಗಿದೆ ಎನ್ನುತ್ತಾರೆ. ಕಲ್ಯಾಣ ಇಲಾಖೆಯವರಿಗೆ ತಂತ್ರಾಂಶದಲ್ಲಿ ಕಾಣಿಸಿದಷ್ಟೇ ಗೊತ್ತು. ಒಬ್ಬರೂ ಸುಳ್ಳು ಹೇಳುತ್ತಿಲ್ಲ, ತಮ್ಮ ತಮ್ಮ ಕೆಲಸವನ್ನು ಮಾಡಿಯೇ ಇದ್ದಾರೆ. ಆದರೂ ಆ ಹುಡುಗಿಯ ಖಾತೆಗೆ ಹಣ ಬಂದಿಲ್ಲ, ಶುಲ್ಕ ಕಟ್ಟುವ ಕೊನೆಯ ದಿನಾಂಕ ಮಾತ್ರ ಬಂದಿದೆ.

ಅವಳ ಉಳಿದ ಬದುಕೂ ಹೀಗೆಯೇ ಹರಿದು ಹಂಚಿದೆ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಿನಲ್ಲಿ ಸೀಟು ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗಿಷ್ಟು ಎಂದು ಹತ್ತು ತಿಂಗಳು ಊಟ ವಸತಿಗೆ ನೆರವು; ಆ ಮೊತ್ತಕ್ಕೆ ಬೆಂಗಳೂರಿನ ಯಾವ ಪಿ.ಜಿ.ಯಲ್ಲೂ ಹಾಸಿಗೆ ಸಿಗುವುದಿಲ್ಲ. ಪಿ.ಜಿ.ಗೆ ಪರವಾನಗಿ ಕೊಡುವುದು ನಗರಪಾಲಿಕೆ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳಿರುವುದರಿಂದ, ಯಾವುದೆಂಬುದು ಅವಳು ಉಳಿದುಕೊಂಡಿರುವ ಬಡಾವಣೆಯನ್ನು ಅವಲಂಬಿಸಿದೆ. ಅಲ್ಲಿನ ಸುರಕ್ಷತೆ ಪೊಲೀಸರದ್ದು. ಬಸ್ಸು ಸಾರಿಗೆ ಇಲಾಖೆಯದ್ದು. ಮೆಟ್ರೊ, ಕೇಂದ್ರ ಮತ್ತು ರಾಜ್ಯ ಸಮಪಾಲು ಹೊಂದಿರುವ ನಿಗಮದ್ದು. ಅವಳ ತಮ್ಮ ಐಟಿಐ ಸೇರಿದರೆ ಅವನ ಇಲಾಖೆ ಕೌಶಲ್ಯಾಭಿವೃದ್ಧಿ, ತಂಗಿ ಪಿಯುಸಿಯಲ್ಲಿದ್ದರೆ ಶಾಲಾ ಶಿಕ್ಷಣ, ಗೆಳತಿ ನರ್ಸಿಂಗ್ ಓದುತ್ತಿದ್ದರೆ ವೈದ್ಯಕೀಯ ಶಿಕ್ಷಣ.

ಉನ್ನತ ಶಿಕ್ಷಣ ಸಚಿವರನ್ನು ಬೈದರೆ ಇದರಲ್ಲಿ ಅರ್ಧವೂ ಬಗೆಹರಿಯುವುದಿಲ್ಲ, ಏಕೆಂದರೆ ಅರ್ಧ ಅವರ ಕೈಯಲ್ಲಿಲ್ಲ. ಸಲಹಾ ಮಂಡಳಿಗೆ ಅಸಲಿ ಕೆಲಸ ಇರುವುದು ಇಲ್ಲಿ, ಇಲಾಖೆ ಮತ್ತು ಇಲಾಖೆಗಳ ನಡುವಿನ ಸಂದಿಯಲ್ಲಿ. ಆದ್ದರಿಂದಲೇ ಅದನ್ನು ಯಾವುದೋ ಒಂದು ಇಲಾಖೆಯ ಮಡಿಲಿಗೆ ಹಾಕಬಾರದು. ಮುಖ್ಯಮಂತ್ರಿಗಳ ಅಧ್ಯಕ್ಷತೆ ಇದ್ದರೆ ಒಳ್ಳೆಯದು. ಕಾರ್ಯದರ್ಶಿಗಳನ್ನು ಒಂದೇ ಮೇಜಿನ ಮುಂದೆ ಕೂರಿಸಬಲ್ಲ ಮುಖ್ಯ ಕಾರ್ಯದರ್ಶಿಯವರಾದರೂ ಅದರ ಹೊಣೆ ಹೊರಬೇಕು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೆಳಗೆ ಇಟ್ಟರೆ ನೃಪತುಂಗ ರಸ್ತೆಯಲ್ಲಿರುವ ಅದರ ಕಚೇರಿಯಿಂದ ಹೊರಟ ಪತ್ರಕ್ಕೆ ಸಮಾಜ ಕಲ್ಯಾಣ ಇಲಾಖೆ ಅಥವಾ ಮೆಟ್ರೊ ನಿಗಮ ಉತ್ತರಿಸಬೇಕಾದ ಅನಿವಾರ್ಯವೇನೂ ಇರುವುದಿಲ್ಲ.

ಈಗ ಇರುವುದೇನು?

ಏನೂ ಇಲ್ಲವೆಂದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮಾವಳಿಯ ಪ್ರಕಾರ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ವಿಶ್ವವಿದ್ಯಾಲಯದ ಲೋಕಪಾಲರ ಬಳಿ ಮೇಲ್ಮನವಿ ಹೋಗಬಹುದು. ಆ ಸಮಿತಿಯಲ್ಲಿ ವಿದ್ಯಾರ್ಥಿಗೂ ಒಂದು ಕುರ್ಚಿ ಇದೆ, ಆದರೆ ವಿಶೇಷ ಆಹ್ವಾನಿತರಾಗಿ, ಅದೂ ಓದಿನಲ್ಲೋ ಆಟದಲ್ಲೋ ಮುಂದಿದ್ದಾರೆ ಎಂದು ಸಂಸ್ಥೆಯೇ ಆರಿಸಿದ ವಿದ್ಯಾರ್ಥಿಗೆ. 18ರ ಒಳಗಿನವರಿಗೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಹುಟ್ಟುಹಬ್ಬದ ಮರುದಿನವೇ ಆ ಬಾಗಿಲು ಮುಚ್ಚುತ್ತದೆ. 2010ರ ಕಾಯ್ದೆಯಡಿ ರಚನೆಯಾದ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನ ಗಮನ ವಿಶ್ವವಿದ್ಯಾಲಯಗಳ ಶೈಕ್ಷಣಿಕ ವಿಚಾರಗಳ ಮೇಲಿದೆ. ಹಾಸ್ಟೆಲಿನ ಸಾಂಬಾರು, ರಾತ್ರಿಯ ಬಸ್ಸು ಅದರ ವ್ಯಾಪ್ತಿಗೆ ಬರುವುದಿಲ್ಲ. 2012ರಲ್ಲಿ ರಾಜ್ಯ ತನ್ನದೇ ಯುವನೀತಿಯನ್ನೂ ರೂಪಿಸಿತು. ನೀತಿ ಒಂದು ಪುಸ್ತಕ. ಅದನ್ನು ಹಿಡಿದುಕೊಂಡು ವರ್ಷ ವರ್ಷವೂ ಲೆಕ್ಕ ಕೇಳುವವರು ಬೇರೆಯೇ ಬೇಕು.

ಇನ್ನು ವಿದ್ಯಾರ್ಥಿ ಸಂಘಗಳು. 61ನೆಯ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಸರಿಸುಮಾರು ಅದೇ ಹೊತ್ತಿಗೆ, ಕ್ಯಾಂಪಸ್‌ಗಳಲ್ಲಿ ಹಿಂಸಾಚಾರ ನಡೆಯುತ್ತಿದೆ ಎಂಬ ಕಾರಣಕ್ಕೆ, ಕರ್ನಾಟಕದ ಕಾಲೇಜುಗಳಲ್ಲಿ ಚುನಾವಣೆ ನಿಂತುಹೋಯಿತು. ಲೋಕಸಭೆಗೆ ಮತ ಹಾಕುವ ಹಕ್ಕು ಕೈಗೆ ಬಂದ ಕಾಲದಲ್ಲೇ ತರಗತಿಯ ಪ್ರತಿನಿಧಿಯನ್ನು ಆರಿಸುವ ಹಕ್ಕು ಕೈಬಿಟ್ಟುಹೋದದ್ದು ನನಗೆ ಇಂದಿಗೂ ಜೀರ್ಣವಾಗದ ಸಂಗತಿ. 2006ರಲ್ಲಿ ಸುಪ್ರೀಂ ಕೋರ್ಟ್ ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಒಪ್ಪಿಕೊಂಡು, ವಯೋಮಿತಿ, ಶೇ 75 ಹಾಜರಾತಿ, 5,000 ರೂಪಾಯಿಯ ಖರ್ಚಿನ ಮಿತಿಯೊಂದಿಗೆ ಚುನಾವಣೆ ನಡೆಸುವ ದಾರಿ ತೋರಿಸಿತು. ಇಲ್ಲಿ ಮಾತ್ರ ನಾಮನಿರ್ದೇಶನದ ಪದ್ಧತಿಯೇ ಬೇರುಬಿಟ್ಟಿತು. ಚುನಾಯಿತ ಸಂಘಗಳು ಇದ್ದಿದ್ದರೆ ರಾಜ್ಯಮಟ್ಟದ ಮಂಡಳಿಗೆ ಸದಸ್ಯರನ್ನು ಹುಡುಕುವುದು ಸುಲಭವಾಗುತ್ತಿತ್ತು, ಅವರಿಂದಲೇ ಆರಿಸಿಕೊಳ್ಳಬಹುದಿತ್ತು. ಈಗ ಬುಡವಿಲ್ಲದೆ ಮಹಡಿ ಕಟ್ಟಬೇಕಾದ ಕಷ್ಟವಿದೆ. ಸಂಘಗಳ ಚುನಾವಣೆಗೆ ಈ ಮಂಡಳಿ ಬದಲಿಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಮಂಡಳಿ ಇದೆಯಲ್ಲ, ಇನ್ನೇಕೆ ಚುನಾವಣೆ ಎಂದು ಯಾರಾದರೂ ವಾದಿಸಿದರೆ ಅದು ವಿದ್ಯಾರ್ಥಿಗಳಿಗೆ ಮಾಡುವ ಎರಡನೆಯ ಅನ್ಯಾಯ.

ಆದೇಶವೋ, ಕಾಯ್ದೆಯೋ

ಮಂಡಳಿ ಕಟ್ಟಲು ಎರಡು ದಾರಿಗಳಿವೆ. ಮೊದಲನೆಯದು ಸರ್ಕಾರಿ ಆದೇಶ. ಸಂವಿಧಾನದ 162ನೆಯ ವಿಧಿ ರಾಜ್ಯಕ್ಕೆ ಕೊಟ್ಟಿರುವ ಕಾರ್ಯಾಂಗದ ಅಧಿಕಾರವೇ ಇದಕ್ಕೆ ಸಾಕು, ಶಾಸನಸಭೆಗೆ ಹೋಗಬೇಕಿಲ್ಲ. ಇಲಾಖೆಯಲ್ಲಿ ಒಂದು ಕಡತ ಹುಟ್ಟುತ್ತದೆ. ಖರ್ಚಿನ ವಿಷಯವಿದ್ದರೆ ಆರ್ಥಿಕ ಇಲಾಖೆಯ ಸಹಮತಿ ಬೇಕು, ಹಲವು ಇಲಾಖೆಗಳಿಗೆ ಸಂಬಂಧಿಸಿದ್ದರೆ ಅವುಗಳ ಅಭಿಪ್ರಾಯ ಬೇಕು. ವಿಧಾನಸೌಧ, ವಿಕಾಸಸೌಧ, ಬಹುಮಹಡಿ ಕಟ್ಟಡದ ಮೇಜುಗಳನ್ನು ದಾಟಿ ಕಡತ ಒಪ್ಪಿಗೆ ಪಡೆದರೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂಬ ತಲೆಬರಹದ ಹಾಳೆ ಹೊರಬರುತ್ತದೆ. ಮೇಲೆ ವಿಷಯ, ಆಮೇಲೆ ‘ಓದಲಾಗಿದೆ’ ಎಂದು ಹಳೆಯ ಪತ್ರಗಳ ಉಲ್ಲೇಖ, ಪ್ರಸ್ತಾವನೆ, ಆದೇಶ, ಕೊನೆಗೆ ‘ಕರ್ನಾಟಕ ರಾಜ್ಯಪಾಲರ ಆಜ್ಞಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು, ಅದರ ಕೆಳಗೆ ಬಹುಮಟ್ಟಿಗೆ ಅಧೀನ ಕಾರ್ಯದರ್ಶಿಯೊಬ್ಬರ ಸಹಿ. ರಾಜ್ಯಪಾಲರು ಅದನ್ನು ಸ್ವತಃ ನೋಡಿರಬೇಕೆಂದಿಲ್ಲ. ಸರ್ಕಾರದ ಎಲ್ಲ ಕಾರ್ಯಾಂಗದ ಆದೇಶಗಳೂ ಅವರ ಹೆಸರಿನಲ್ಲೇ ಹೊರಡಬೇಕೆಂದು 166ನೆಯ ವಿಧಿ ಹೇಳುತ್ತದೆ.

ಈ ದಾರಿಯ ಲಾಭ ವೇಗ. ನಷ್ಟವೂ ಅದೇ. ಒಂದು ಹಾಳೆಯಲ್ಲಿ ಹುಟ್ಟಿದ್ದನ್ನು ಇನ್ನೊಂದು ಹಾಳೆ ಅಳಿಸಿಹಾಕುತ್ತದೆ. ಸರ್ಕಾರ ಬದಲಾದಾಗ ಹಿಂದಿನವರು ಮಾಡಿದ ನಾಮನಿರ್ದೇಶನಗಳನ್ನೆಲ್ಲ ಒಂದೇ ಆದೇಶದಲ್ಲಿ ರದ್ದುಪಡಿಸುವುದು ನಮ್ಮಲ್ಲಿ ರೂಢಿ. ಪಕ್ಷ ಯಾವುದಾದರೂ ಅಷ್ಟೇ.

ಎರಡನೆಯ ದಾರಿ ಕಾಯ್ದೆ. ಕೇರಳ 2014ರಲ್ಲಿ ಯುವಜನ ಆಯೋಗಕ್ಕಾಗಿಯೇ ಒಂದು ಕಾಯ್ದೆ ಮಾಡಿತು. ಕಾಯ್ದೆಯ ಬಲವಿದ್ದರೆ ಅವಧಿ, ಅಧಿಕಾರ, ವಾರ್ಷಿಕ ವರದಿ ಎಲ್ಲವೂ ಗಟ್ಟಿಯಾಗುತ್ತವೆ. ಅಳಿಸಬೇಕಾದರೆ ಮತ್ತೆ ಸದನಕ್ಕೇ ಹೋಗಬೇಕು. ಆದರೆ ಮಸೂದೆ ಸಿದ್ಧವಾಗಲು, ಚರ್ಚೆಯಾಗಲು, ಅಂಕಿತ ಬೀಳಲು ಹಿಡಿಯುವ ಕಾಲದಲ್ಲಿ ಇಂದಿನ ಪ್ರಥಮ ವರ್ಷದವರು ಕಾಲೇಜು ಬಿಟ್ಟಿರುತ್ತಾರೆ. ನನಗೆ ಸರಿ ಕಾಣುವುದು ಇದು: ಮೊದಲು ಆದೇಶದ ಮೂಲಕ ಆರಂಭಿಸಿ, ಎರಡು ವರ್ಷ ನಡೆಸಿ, ಆ ಅನುಭವದ ಮೇಲೆ ಕಾಯ್ದೆ ಬರೆಯಬೇಕು. ಹಾಗೆ ಕಾಯ್ದೆ ತರುವ ಮಾತು ಮೊದಲ ಆದೇಶದಲ್ಲೇ ಬರಹದಲ್ಲಿರಬೇಕು.

ಯಾರು ಕೂರಬೇಕು

ಸದಸ್ಯರ ಪಟ್ಟಿಯೇ ಎಷ್ಟೋ ಸಮಿತಿಗಳ ಕಥೆಯನ್ನು ಮೊದಲೇ ಹೇಳಿಬಿಡುತ್ತದೆ. ಸಚಿವರು ಅಧ್ಯಕ್ಷರು, ಹತ್ತು ಮಂದಿ ಅಧಿಕಾರಿಗಳು ಪದನಿಮಿತ್ತ ಸದಸ್ಯರು, ಮೂರು ಮಂದಿ ಗಣ್ಯರು, ಕೊನೆಗೆ ಇಬ್ಬರು ವಿದ್ಯಾರ್ಥಿಗಳು. ಆ ಇಬ್ಬರು ಹಿರಿಯ ಅಧಿಕಾರಿಗಳ ಸಾಲಿನಲ್ಲಿ ಕೂತು, ಐದು ನಿಮಿಷ ಮಾತನಾಡಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಎಳೆಯರ ಸಹಭಾಗಿತ್ವಕ್ಕೆ ಎಂಟು ಮೆಟ್ಟಿಲುಗಳನ್ನು ಗುರುತಿಸಿದರು. ಕೆಳಗಿನ ಮೂರು, ಅಂದರೆ ಬಳಸಿಕೊಳ್ಳುವುದು, ಅಲಂಕಾರಕ್ಕಿಡುವುದು, ನೆಪಮಾತ್ರಕ್ಕೆ ಸೇರಿಸಿಕೊಳ್ಳುವುದು, ಸಹಭಾಗಿತ್ವವೇ ಅಲ್ಲ ಎಂದರು. ನಮ್ಮ ಎಷ್ಟೋ ‘ಯುವ ಸಂವಾದ’ಗಳು ಆ ಮೂರನ್ನು ದಾಟಿಲ್ಲ.

ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯುವಜನರೇ ಆಗಿರಬೇಕು. ಯುವಜನರೆಂದರೆ ಯಾರು ಎಂಬುದಕ್ಕೆ 2003ರ ರಾಷ್ಟ್ರೀಯ ಯುವನೀತಿ 13ರಿಂದ 35 ಎಂದಿತ್ತು, 2014ರ ನೀತಿ ಅದನ್ನು 15ರಿಂದ 29ಕ್ಕೆ ತಂದಿತು. ಈ ಎರಡನೆಯ ಮಿತಿಯನ್ನು ಬಿಗಿಯಾಗಿ ಹಿಡಿದುಕೊಂಡರೆ ನಲವತ್ತು ದಾಟಿದ ‘ಯುವ ಮುಖಂಡರು’ ತಾವಾಗಿಯೇ ಹೊರಗುಳಿಯುತ್ತಾರೆ. ಪಿಯುಸಿ, ಐಟಿಐ, ಡಿಪ್ಲೊಮಾ, ಪದವಿ, ವೃತ್ತಿಪರ ಕೋರ್ಸು, ಸಂಶೋಧನೆ, ಎಲ್ಲ ಕಡೆಯಿಂದಲೂ ಬರಬೇಕು. ಅಂಗವಿಕಲ ವಿದ್ಯಾರ್ಥಿಗಳು, ಸರ್ಕಾರಿ ಹಾಸ್ಟೆಲಿನಲ್ಲಿರುವವರು, ಓದು ಬಿಟ್ಟು ದುಡಿಮೆಗೆ ಇಳಿದವರು ಖಂಡಿತ ಇರಬೇಕು. ಪೀಣ್ಯದ ಕಾರ್ಖಾನೆಯಲ್ಲೋ ಮೊಬೈಲ್ ಆ್ಯಪ್‌ನ ಡೆಲಿವರಿ ಕೆಲಸದಲ್ಲೋ ಇರುವ ಇಪ್ಪತ್ತರ ಹುಡುಗ ಏಕೆ ಕಾಲೇಜು ಬಿಟ್ಟ ಎಂಬುದನ್ನು ಕಾಲೇಜಿನಲ್ಲಿ ಉಳಿದವರು ಹೇಳಲಾರರು.

ಆಯ್ಕೆ ಹೇಗೆ ಎಂಬುದು ಎಲ್ಲಕ್ಕಿಂತ ಕಗ್ಗಂಟಿನ ಪ್ರಶ್ನೆ. ನಾಮನಿರ್ದೇಶನವೆಂದರೆ ಶಿಫಾರಸು ಪತ್ರಗಳ ರಾಶಿ. ಇಂಗ್ಲಿಷಿನಲ್ಲಿ ಪ್ರಬಂಧ ಬರೆಸಿ ಸಂದರ್ಶನ ಮಾಡಿದರೆ ಬೆಂಗಳೂರಿನ ಕೆಲವೇ ಕಾಲೇಜುಗಳ ಮಕ್ಕಳು ತುಂಬಿಕೊಳ್ಳುತ್ತಾರೆ. ಮೊಳಕಾಲ್ಮೂರಿನ, ಸುರಪುರದ ಕಾಲೇಜುಗಳು ಹೊರಗೇ ಉಳಿಯುತ್ತವೆ. ಅರ್ಜಿ ಕರೆದು, ಅರ್ಹರಾದವರನ್ನು ವಿಭಾಗ, ಕೋರ್ಸು, ಲಿಂಗ, ಸಾಮಾಜಿಕ ವರ್ಗಗಳ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನಿಂದ ಎಲ್ಲರ ಎದುರಿಗೆ ಚೀಟಿ ಎತ್ತುವುದು ಮೇಲು. ಚೀಟಿಯ ಮೇಲೆ ಯಾರ ಪ್ರಭಾವವೂ ನಡೆಯುವುದಿಲ್ಲ. ವಿದ್ಯಾರ್ಥಿ ಸಂಘಟನೆಗಳಿಗೆ ತಮ್ಮದೇ ಪಕ್ಷನಿಷ್ಠೆಗಳಿವೆ, ಆದರೆ ಬೀದಿಯ ಅನುಭವವೂ ಅವರಲ್ಲೇ ಇದೆ. ಅವರನ್ನು ವಿಷಯಕ್ಕೆ ತಕ್ಕಂತೆ ಆಹ್ವಾನಿಸಬೇಕು. ಮತ ಹಾಕುವ ಸದಸ್ಯತ್ವ ಬೇಡ.

ಪದವಿಯೇ ಮೂರು ವರ್ಷದ್ದಾದ್ದರಿಂದ ಸದಸ್ಯತ್ವ ಎರಡು ವರ್ಷ ಸಾಕು. ಪ್ರತಿ ವರ್ಷ ಅರ್ಧದಷ್ಟು ಜನ ಬದಲಾದರೆ ಹಳಬರು ಹೊಸಬರಿಗೆ ಕೆಲಸ ಕಲಿಸುತ್ತಾರೆ. ಸಭೆಗೆ ಬಂದ ದಿನಕ್ಕೆ ಹಾಜರಾತಿ ಸಿಗಬೇಕು, ಪ್ರಯಾಣ ಭತ್ಯೆ ಮುಂಚಿತವಾಗಿ ಕೈಗೆ ಬರಬೇಕು. ರಾಯಚೂರಿನಿಂದ ಸ್ವಂತ ದುಡ್ಡಿನಲ್ಲಿ ಬಂದು ಆರು ತಿಂಗಳು ಬಿಲ್ಲಿಗೆ ಕಾಯುವ ಶಕ್ತಿ ವಿದ್ಯಾರ್ಥಿಗೆ ಇರುವುದಿಲ್ಲ. ಕಾರ್ಯಸೂಚಿ, ಟಿಪ್ಪಣಿ, ನಡವಳಿ ಎಲ್ಲವೂ ಕನ್ನಡದಲ್ಲಿರಬೇಕು. ಅಧ್ಯಕ್ಷರಿಗೆ ಸಂಪುಟ ದರ್ಜೆಯೂ ಬೇಡ, ಕಾರೂ ಬೇಡ. ಆ ಹಣದಲ್ಲಿ ಇಬ್ಬರು ಸಂಶೋಧನಾ ಸಹಾಯಕರನ್ನು ಇಟ್ಟುಕೊಳ್ಳಬಹುದು.

ಉತ್ತರದ ಬಾಧ್ಯತೆ

ಸಲಹಾ ಮಂಡಳಿಯ ಮಾತನ್ನು ಸರ್ಕಾರ ಕೇಳಲೇಬೇಕೆಂದು ಒತ್ತಾಯಿಸಲಾಗದು. ಜನ ಆರಿಸಿದ್ದು ಸರ್ಕಾರವನ್ನು. ಬಜೆಟ್ಟಿನ ಹೊಣೆ ಅದರದ್ದು. ಆದರೆ ಸಲಹೆಗೆ ಉತ್ತರ ಕೊಡಲೇಬೇಕೆಂದು ಒತ್ತಾಯಿಸಬಹುದು. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಆದೇಶದಲ್ಲಿ ಹೀಗೆ ಬರೆಯಬಹುದು. ಮಂಡಳಿಯ ಪ್ರತಿ ಶಿಫಾರಸಿಗೂ ಸಂಬಂಧಪಟ್ಟ ಇಲಾಖೆಯ ಕಾರ್ಯದರ್ಶಿ 60 ದಿನಗಳೊಳಗೆ ಲಿಖಿತ ಉತ್ತರ ಕೊಡತಕ್ಕದ್ದು. ಒಪ್ಪಿದ್ದರೆ ಯಾವ ದಿನಾಂಕದೊಳಗೆ, ಯಾವ ಅಧಿಕಾರಿ, ಯಾವ ಲೆಕ್ಕ ಶೀರ್ಷಿಕೆಯ ಹಣದಲ್ಲಿ ಮಾಡುತ್ತಾರೆ ಎಂದು ತಿಳಿಸಬೇಕು. ಒಪ್ಪದಿದ್ದರೆ ಕಾರಣ ಕೊಡಬೇಕು. ‘ಪರಿಶೀಲನೆಯಲ್ಲಿದೆ’ ಎಂಬುದನ್ನು ಉತ್ತರವೆಂದು ಪರಿಗಣಿಸಬಾರದು. ಈ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು, ವರ್ಷಕ್ಕೊಮ್ಮೆ ಅನುಪಾಲನಾ ವರದಿಯನ್ನು ಉಭಯ ಸದನಗಳಲ್ಲಿ ಮಂಡಿಸಬೇಕು. ಸಭೆ ‘ಕಾಲಕಾಲಕ್ಕೆ’ ಎಂದು ಬರೆದರೆ ವರ್ಷಗಟ್ಟಲೆ ನಡೆಯುವುದಿಲ್ಲ, ಆದ್ದರಿಂದ ಮೂರು ತಿಂಗಳಿಗೊಮ್ಮೆ ಎಂದೇ ಇರಬೇಕು. ಮೂರನೆಯ ಒಂದು ಭಾಗದಷ್ಟು ಸದಸ್ಯರು ಕೇಳಿದರೆ ಸಭೆ ಕರೆಯಲೇಬೇಕು.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಕೌನ್ಸಿಲ್ ಆಫ್ ಯುರೋಪ್‌ನಲ್ಲಿ ಯುವ ಸಂಘಟನೆಗಳ 30 ಪ್ರತಿನಿಧಿಗಳ ಸಲಹಾ ಮಂಡಳಿ, ಸರ್ಕಾರಿ ಪ್ರತಿನಿಧಿಗಳ ಜೊತೆ ಒಟ್ಟಿಗೆ ಕೂತು ಯುವಜನ ಕಾರ್ಯಕ್ರಮಗಳ ಆದ್ಯತೆಗಳನ್ನೂ ಬಜೆಟ್ಟನ್ನೂ ತೀರ್ಮಾನಿಸುತ್ತದೆ. ಫಿನ್ಲೆಂಡಿನಲ್ಲಿ 2015ರ ಸ್ಥಳೀಯಾಡಳಿತ ಕಾಯ್ದೆಯ ಪ್ರಕಾರ ಪ್ರತಿ ಪಟ್ಟಣಾಡಳಿತವೂ ಯುವ ಮಂಡಳಿ ರಚಿಸಬೇಕು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಗ್ರಾಮ ಪಂಚಾಯಿತಿಗಳಲ್ಲೇ ಮಕ್ಕಳ ಗ್ರಾಮ ಸಭೆಗಳು ನಡೆಯುತ್ತಿವೆ; ಶೌಚಾಲಯದ ಬಾಗಿಲು ಮುರಿದಿದೆ ಎಂದು ಏಳನೆಯ ತರಗತಿಯ ಹುಡುಗಿ ಎದ್ದು ನಿಂತು ಹೇಳಿದರೆ ಪಿಡಿಒ ಅಲ್ಲಿಯೇ ಉತ್ತರಿಸಬೇಕಾಗುತ್ತದೆ. ಹಳ್ಳಿಯ ಮಕ್ಕಳಿಗೆ ಇರುವ ಈ ಅವಕಾಶ ಬೆಂಗಳೂರಿನ ಪದವಿ ವಿದ್ಯಾರ್ಥಿಗೆ ಇಲ್ಲ. ಅವರಿಗೆ ಉಳಿದಿರುವುದು ಸ್ವಾತಂತ್ರ್ಯ ಉದ್ಯಾನದ ಪ್ರತಿಭಟನೆ.

ಮಂಡಳಿ ಏನು ಮಾಡಬಾರದು ಎಂಬುದೂ ಸ್ಪಷ್ಟವಿರಬೇಕು. ಅದು ದೂರು ಕೇಂದ್ರವಲ್ಲ. ಒಬ್ಬ ವಿದ್ಯಾರ್ಥಿಯ ಅಂಕಪಟ್ಟಿ ಬರಲಿಲ್ಲವೆಂದರೆ ಕುಂದುಕೊರತೆ ಸಮಿತಿಗೆ, ಅಲ್ಲಿಂದ ಲೋಕಪಾಲರಿಗೆ ಹೋಗಬೇಕು. ಸಾವಿರಾರು ವಿದ್ಯಾರ್ಥಿಗಳ ಅಂಕಪಟ್ಟಿ ಪ್ರತಿ ವರ್ಷವೂ ತಡವಾಗುತ್ತಿದೆ ಎಂದರೆ ಮಾತ್ರ ಅದು ಮಂಡಳಿಯ ವಿಷಯ. ಎಲ್ಲ ಕುಂದುಕೊರತೆ ಸಮಿತಿಗಳೂ ಹೆಸರುಗಳನ್ನು ತೆಗೆದು, ಯಾವ ಬಗೆಯ ದೂರು ಎಷ್ಟು ಬಂದಿದೆ ಎಂಬ ಲೆಕ್ಕವನ್ನು ಮಂಡಳಿಗೆ ಕಳುಹಿಸುವಂತಾದರೆ ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆಲ್ಲೂ ಸಿಗದು.

ಇಂಥದೊಂದು ವ್ಯವಸ್ಥೆ ಇದ್ದಿದ್ದರೆ ಯಾವಾಗ ನೆರವಿಗೆ ಬರುತ್ತಿತ್ತು? ಎರಡು ಪ್ರಸಂಗಗಳನ್ನು ನೋಡಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. 2024ರ ಮೇ ತಿಂಗಳ ಆದೇಶದಿಂದ 2024-25ಕ್ಕೆ ಮತ್ತೆ ಮೂರು ವರ್ಷದ ಪದವಿ ಬಂತು. ಎರಡರಲ್ಲಿ ಯಾವುದು ಮೇಲೆಂಬ ಚರ್ಚೆ ಬೇರೆ. ಆದರೆ ಒಂದೇ ಕಾಲೇಜಿನ ಒಂದೇ ಓಣಿಯಲ್ಲಿ ಹಿರಿಯರಿಗೆ ಒಂದು ಪಠ್ಯಕ್ರಮ, ಕಿರಿಯರಿಗೆ ಇನ್ನೊಂದು ಆಯಿತು. ಅನುತ್ತೀರ್ಣರಾದವರು ಯಾವ ಪಠ್ಯದಲ್ಲಿ ಮತ್ತೆ ಬರೆಯಬೇಕು, ಮಧ್ಯದಲ್ಲಿ ಬಿಟ್ಟು ಮರಳಿ ಬಂದವರು ಯಾವ ತರಗತಿಗೆ ಸೇರಬೇಕು ಎಂಬ ಪ್ರಶ್ನೆಗಳನ್ನು ಆದೇಶ ಹೊರಡುವ ಮೊದಲೇ ಕೇಳಬಲ್ಲವರು ಅದನ್ನು ಅನುಭವಿಸಬೇಕಾದವರು.

ಇನ್ನೊಂದು ಮೆಟ್ರೊ. ದರ ಏರಿಸುವ ಅಧಿಕಾರ ರಾಜ್ಯ ಸರ್ಕಾರದ್ದಲ್ಲ; 2002ರ ಕಾಯ್ದೆಯಡಿ ರಚನೆಯಾಗುವ ದರ ನಿಗದಿ ಸಮಿತಿಯದ್ದು. 2024ರಲ್ಲಿ ಆ ಸಮಿತಿ ಸಾರ್ವಜನಿಕರಿಂದ ಸಲಹೆ ಕೇಳಿತ್ತು. 2025ರ ಫೆಬ್ರವರಿಯಲ್ಲಿ ಹೊಸ ದರ ಬಂದು ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ ವಿದ್ಯಾರ್ಥಿ ಪಾಸ್‌ನ ಕೂಗು ಜೋರಾಯಿತು. ಕೇಳಬೇಕಾದ ಹೊತ್ತು ಅದಕ್ಕಿಂತ ನಾಲ್ಕು ತಿಂಗಳು ಹಿಂದಿತ್ತು. ಆ ಹೊತ್ತಿನಲ್ಲಿ ಎಷ್ಟು ವಿದ್ಯಾರ್ಥಿಗಳು ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ, ಬಿಎಂಟಿಸಿ ಪಾಸಿನಂತೆ ರಿಯಾಯಿತಿ ಕೊಟ್ಟರೆ ಹೊರೆ ಎಷ್ಟು, ಅದನ್ನು ಯಾರು ಭರಿಸಬೇಕು ಎಂಬ ಲೆಕ್ಕದೊಂದಿಗೆ ವಿದ್ಯಾರ್ಥಿಗಳ ಪರವಾಗಿ ಅಧಿಕೃತವಾಗಿ ಹೋಗಿ ನಿಲ್ಲುವ ಸಂಸ್ಥೆಯೇ ಇರಲಿಲ್ಲ.

ಹೊತ್ತಿನ ಪ್ರಶ್ನೆ ಬಜೆಟ್ಟಿಗೂ ಅನ್ವಯಿಸುತ್ತದೆ. ಮುಖ್ಯಮಂತ್ರಿಗಳ ಬಜೆಟ್ ಪೂರ್ವ ಸಭೆಗಳು ಸಾಮಾನ್ಯವಾಗಿ ಫೆಬ್ರವರಿ ಹೊತ್ತಿಗೆ ನಡೆಯುತ್ತವೆ. ಅಷ್ಟರಲ್ಲಿ ಇಲಾಖೆಗಳ ಬೇಡಿಕೆ ಪಟ್ಟಿ ಆರ್ಥಿಕ ಇಲಾಖೆಯ ಮೇಜಿಗೆ ತಲುಪಿ ಅಂಕಿಗಳು ಬಹುಪಾಲು ಗಟ್ಟಿಯಾಗಿರುತ್ತವೆ. ವಿದ್ಯಾಸಿರಿಯ ಮೊತ್ತ ಏರಬೇಕು, ಹಾಸ್ಟೆಲುಗಳಲ್ಲಿ ಆಪ್ತ ಸಮಾಲೋಚಕರು ಬೇಕು ಎಂಬ ಶಿಫಾರಸುಗಳು ಡಿಸೆಂಬರ್ ಒಳಗೆ ಇಲಾಖೆಗಳಿಗೆ ಹೋಗಿರಬೇಕು. ಹಾಗಾಗಿ ಮಂಡಳಿಯ ಮೊದಲ ಸಭೆ ಜುಲೈ ಅಥವಾ ಆಗಸ್ಟ್‌ನಲ್ಲಿ, ಪ್ರವೇಶಗಳು ಮುಗಿದು ಸೆಮಿಸ್ಟರ್ ಪರೀಕ್ಷೆಗಳು ಇನ್ನೂ ದೂರವಿರುವಾಗ ಆಗಬೇಕು. ಮೊದಲ ಕಾರ್ಯಸೂಚಿಯಲ್ಲಿ ಮೂರೇ ವಿಷಯಗಳಿದ್ದರೆ ಸಾಕು: ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ನಿಂತಿದೆ ಎಂದು ವಿದ್ಯಾರ್ಥಿಗೇ ಕಾಣಿಸುವ ವ್ಯವಸ್ಥೆ, ಪಿ.ಜಿ.ಗಳ ತಪಾಸಣೆಗೆ ಐದೂ ಪಾಲಿಕೆಗಳಲ್ಲಿ ಒಂದೇ ಮಾನದಂಡ, ಅಂಕಪಟ್ಟಿ ಕೊಡಲು ಗಡುವು. ಮೂರಕ್ಕೂ ದೊಡ್ಡ ಹಣ ಬೇಕಿಲ್ಲ, ಮೂರರಲ್ಲೂ ಒಂದಕ್ಕಿಂತ ಹೆಚ್ಚು ಕಚೇರಿಗಳು ಸೇರಿಕೊಂಡಿವೆ, ಉತ್ತರ ಬಂತೋ ಇಲ್ಲವೋ ಎಂಬುದು ಅಕ್ಟೋಬರ್ ಹೊತ್ತಿಗೆ ಎಲ್ಲರಿಗೂ ಗೊತ್ತಾಗುತ್ತದೆ.